ಬಳ್ಳಾರಿ ಊರೊಳಗೆ 500 ರೂಪಾಯಿಗೆ ನಾಲ್ಕು ಜನ ಚೈನೀಸ್ ತಿನ್ನಬಹುದಾ? ದಯವಿಟ್ಟು ಹೇಳಿ

ಕುರುಗೋಡಿನ ಅಕ್ಕ
ಗುರುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನಾವು ನಾಲ್ಕು ಜನ ಬಳ್ಳಾರಿಗೆ ಬರುತ್ತಿದ್ದೇವೆ. ಶಾಲೆ ಶುರುವಾಗುವ ಮುಂಚೆ ಮಕ್ಕಳಿಗೆ ಶೂ, ಬ್ಯಾಗ್ ಕೊಡಿಸಬೇಕು. ಮಗಳು ಏಳನೇ ಕ್ಲಾಸ್ ಮುಗಿಸಿದ್ದಾಳೆ. ಒಳ್ಳೆ ಮಾರ್ಕ್ಸ್ ಬಂದಿದೆ. ಏನು ಬೇಕು ಅಂತ ಕೇಳಿದರೆ, 'ಹೋಟೆಲ್‌ನಲ್ಲಿ ಕೂತು ಚೈನೀಸ್ ತಿನ್ನಬೇಕು' ಅಂದಳು. ನಮ್ಮೂರಲ್ಲೂ ಗೋಬಿ ಬಂಡಿ ಇದೆ. ಅದಲ್ಲ, ಅವಳಿಗೆ ಸೂಪ್, ನೂಡಲ್ಸ್, ಫ್ರೈಡ್ ರೈಸ್ ಎಲ್ಲಾ ಟೇಬಲ್ ಮೇಲೆ ಬರಬೇಕು.

ಊಟಕ್ಕೆ ಅಂತ 500 ರೂಪಾಯಿ ಎತ್ತಿಟ್ಟಿದ್ದೇನೆ. ಅದರ ಮೇಲೆ ಆಗುವುದಿಲ್ಲ. ನಮ್ಮ ಮನೆಯವರು ಮೊಟ್ಟೆ ಮುಟ್ಟುವುದಿಲ್ಲ. ಮಗನಿಗೆ ಐದು ವರ್ಷ, ಖಾರ ತಡೆಯುವುದಿಲ್ಲ. ಬೆಂಗಳೂರು ರೋಡ್‌ನಲ್ಲಿ ಖರೀದಿ ಮುಗಿಸಿ, ಚೀಲ ಹಿಡಿದುಕೊಂಡು ನಡೆದು ಹೋಗುವಷ್ಟು ಹತ್ತಿರ ಇದ್ದರೆ ಒಳ್ಳೆಯದು. ಆಟೋಗೆ ಕೊಟ್ಟರೆ ಊಟದ ದುಡ್ಡೇ ಕಮ್ಮಿಯಾಗುತ್ತದೆ.

ಎರಡು ವರ್ಷದ ಹಿಂದೆ ಒಂದು ಎಸಿ ಹೋಟೆಲ್‌ಗೆ ಹೋಗಿದ್ದೆವು. ಮೆನು ನೋಡಿ, ನೀರು ಕುಡಿದು, ಎದ್ದು ಬಂದೆವು. ಸಪ್ಲೈಯರ್ ಪಾಪ ಏನೂ ಅನ್ನಲಿಲ್ಲ. ಆದರೆ ಮಗಳು ಬಸ್ಸಿನಲ್ಲಿ ಊರು ಬರುವವರೆಗೂ ಮಾತಾಡಲಿಲ್ಲ. ಈ ಸಲ ಹಾಗೆ ಆಗಬಾರದು. ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಬ್ರೂಸ್‌ಪೇಟೆ ಹುಡುಗ
ಗುರುವಾರ, ರಾತ್ರಿ 9:34

ಅಕ್ಕಾ, ಆಗುತ್ತದೆ. ಧೈರ್ಯವಾಗಿ ಬನ್ನಿ.

ಎಲ್ಲಿ ಕೂರುತ್ತೀರಿ ಅನ್ನುವುದರ ಮೇಲೆ ಲೆಕ್ಕ. ಎಸಿ ಫ್ಯಾಮಿಲಿ ಹೋಟೆಲ್‌ಗಳಲ್ಲಿ ನಾನು ಈಚೆಗೆ ನೋಡಿದ ಹಾಗೆ ಒಂದು ಫ್ರೈಡ್ ರೈಸ್ 200ರ ಹತ್ತಿರ ಇದೆ. ಎರಡು ರೈಸ್, ಒಂದು ನೂಡಲ್ಸ್, ಒಂದು ಗೋಬಿ, ಒಂದು ಸೂಪ್ ಅಂದರೆ ಮೇಲೆ 5 ಪರ್ಸೆಂಟ್ ಜಿಎಸ್‌ಟಿ ಸೇರಿ ಸಾವಿರದ ಹತ್ತಿರ ಹೋಗುತ್ತದೆ. ಬಂಡಿಯಲ್ಲಿ ಎಲ್ಲಾ ಅಗ್ಗ. ಗೋಬಿ ಹಾಫ್ 40, ಫುಲ್ 70, ರೈಸ್ 60. ಆದರೆ ನಿಂತು ತಿನ್ನಬೇಕು. ಮಕ್ಕಳು, ಚೀಲ ಎಲ್ಲಾ ಇಟ್ಟುಕೊಂಡು ಕಷ್ಟ.

ನಿಮಗೆ ಬೇಕಾದದ್ದು ನಡುವಿನದ್ದು. ನಾಲ್ಕೈದು ಟೇಬಲ್ ಹಾಕಿರುವ ಸಣ್ಣ ಫಾಸ್ಟ್ ಫುಡ್ ಅಂಗಡಿ. ಒಲೆ ಬಾಗಿಲಲ್ಲೇ ಇರುತ್ತದೆ, ಒಳಗೆ ಫ್ಯಾನ್ ಕೆಳಗೆ ಕೂರಬಹುದು. ಅಂಥ ಕಡೆ ರೈಸ್, ನೂಡಲ್ಸ್ 80ರಿಂದ 100. ಗೋಬಿ ಫುಲ್ ಕೂಡ ಅಷ್ಟೇ. ಸೂಪ್ 50-60. ಇವು ಮೇನ್ ರೋಡ್ ಮೇಲೆ ಕಾಣುವುದು ಕಮ್ಮಿ, ಬಾಡಿಗೆ ಜಾಸ್ತಿ ಅಲ್ವಾ. ಬೆಂಗಳೂರು ರೋಡ್‌ನಿಂದ ಅಡ್ಡ ಬೀದಿಗೆ ತಿರುಗಿ. ರಾಯಲ್ ಸರ್ಕಲ್ ಕಡೆ, ಮೋತಿ ಸರ್ಕಲ್ ಕಡೆ ಹೋಗುವ ಒಳದಾರಿಗಳಲ್ಲೂ ನೋಡಿ. ಮೇನ್ ರೋಡ್‌ನಲ್ಲಿ ಬೋರ್ಡ್‌ಗೆ ಲೈಟ್ ಹಾಕಿದ ಜಾಗ ಬಿಟ್ಟು ಒಂದು ಸಂದು ಒಳಗೆ ನಡೆದರೆ ರೇಟು ಅರ್ಧ ಆಗುತ್ತದೆ.

ಒಂದೇ ಮಾತು: ಏಳು ಗಂಟೆಗೇ ಕೂತುಬಿಡಿ. ಭಾನುವಾರ ಎಂಟರ ಮೇಲೆ ಜಾಗ ಸಿಗುವುದಿಲ್ಲ. ಕುರುಗೋಡು ಕಡೆ ಕೊನೆ ಬಸ್ ಎಷ್ಟಕ್ಕೆ ಅಂತ ಇಳಿದ ತಕ್ಷಣ ಕೇಳಿಕೊಳ್ಳಿ.

ಹಾಸ್ಟೆಲ್ ಹುಡುಗಿ
ಗುರುವಾರ, ರಾತ್ರಿ 10:02

ಅಕ್ಕಾ, ನಾನು ಇಲ್ಲಿ ಓದಲು ಬಂದು ಮೂರು ವರ್ಷ ಆಯಿತು. ತಿಂಗಳ ಕೊನೆಗೆ ನಾವು ಗೆಳತಿಯರು ನಾಲ್ಕು ಜನ 400ರಲ್ಲಿ ಹೊಟ್ಟೆ ತುಂಬ ತಿಂದು ಬರುತ್ತೇವೆ. ನಾವು ಮಾಡುವುದು ಹೀಗೆ.

ತಲೆಗೊಂದು ಪ್ಲೇಟ್ ಹೇಳಬೇಡಿ. ಮೊದಲು ಸೂಪ್ ಒನ್ ಬೈ ಟು ಅನ್ನಿ. ಸಣ್ಣ ಅಂಗಡಿಯಲ್ಲೂ ಕೊಡುತ್ತಾರೆ, ಯಾರೂ ಬೇರೆ ಥರ ನೋಡುವುದಿಲ್ಲ. ಆಮೇಲೆ ಒಂದು ರೈಸ್, ಒಂದು ನೂಡಲ್ಸ್, ಒಂದು ಗೋಬಿ. ಅದು ಬಂದ ಮೇಲೆ ಸಾಲದಿದ್ದರೆ ಇನ್ನೊಂದು ರೈಸ್. ಒಟ್ಟಿಗೇ ಎಲ್ಲಾ ಹೇಳಿದರೆ ಮಿಕ್ಕಿ ಹೋಗುತ್ತದೆ. ಹೇಳುವ ಮುಂಚೆ ಪಕ್ಕದ ಟೇಬಲ್‌ಗೆ ಹೋಗುವ ಪ್ಲೇಟ್ ನೋಡಿ. ಎಷ್ಟು ಅನ್ನ ಹಾಕುತ್ತಾರೆ ಅಂತ ಗೊತ್ತಾಗುತ್ತದೆ.

ಮಗಳಿಗೆ ಗೋಬಿ ಡ್ರೈ ಬೇಕಾ, ಗ್ರೇವಿ ಬೇಕಾ ಕೇಳಿ. ಗ್ರೇವಿ ಹೇಳಿದರೆ ಅದರ ರಸ ರೈಸ್ ಮೇಲೆ ಹಾಕಿಕೊಂಡು ಎಲ್ಲರೂ ತಿನ್ನಬಹುದು. ಡ್ರೈ ಹೇಳಿದರೆ ಮಕ್ಕಳೇ ಖಾಲಿ ಮಾಡುತ್ತಾರೆ.

ತಮ್ಮನಿಗೆ ಸ್ವೀಟ್ ಕಾರ್ನ್ ಸೂಪ್ ಸರಿ. ಹಾಟ್ ಅಂಡ್ ಸೋರ್ ಬೇಡ. ಶೆಜ್ವಾನ್ ಅಂತ ಇದ್ದದ್ದು ಯಾವುದೂ ಬೇಡ, ಅದು ಖಾರವೇ.

ನಿವೃತ್ತ ಮೇಷ್ಟ್ರು
ಶುಕ್ರವಾರ, ಬೆಳಗ್ಗೆ 7:15

ತಾಯೀ, ತಪ್ಪು ತಿಳಿಯಬೇಡಿ. ಮಕ್ಕಳಿಗೆ ಆ ಬಣ್ಣ ಹಾಕಿದ್ದನ್ನು ಯಾಕೆ ತಿನ್ನಿಸುತ್ತೀರಿ? ನಮ್ಮ ಬಳ್ಳಾರಿಯ ಒಗ್ಗರಣೆ-ಮಿರ್ಚಿ ಇಲ್ಲವಾ? ನಾಲ್ಕು ಜನ 200ರಲ್ಲಿ ಮುಗಿಯುತ್ತದೆ. ನನ್ನ ಮೊಮ್ಮಗ ಹೋದ ವರ್ಷ ಒಂದು ಬಂಡಿಯಲ್ಲಿ ಫ್ರೈಡ್ ರೈಸ್ ತಿಂದು ಎರಡು ದಿನ ವಾಂತಿ ಮಾಡಿಕೊಂಡ. ಯಾವ ಬಂಡಿ ಅಂತ ಹೇಳುವುದಿಲ್ಲ. ಅವನೂ ಹೊಟ್ಟೆಪಾಡಿಗೆ ಮಾಡುತ್ತಿದ್ದಾನೆ. ಆದರೆ ಆ ಎರಡು ರಾತ್ರಿ ನಾವು ಪಟ್ಟ ಸಂಕಟ ನಮಗೇ ಗೊತ್ತು.

ಲ್ಯಾಬ್ ಕೆಲಸದವನು
ಶುಕ್ರವಾರ, ಬೆಳಗ್ಗೆ 8:40

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಇದೆ. ಬಣ್ಣದ್ದು ಒಂದು, ಅನ್ನದ್ದು ಒಂದು. ಎರಡೂ ಮುಖ್ಯ. ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬಣ್ಣ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೂ ಮುಂಚೆ ರಾಜ್ಯದ ಬೇರೆ ಬೇರೆ ಕಡೆಯಿಂದ ಗೋಬಿಯ 171 ಮಾದರಿ ತಂದು ಪರೀಕ್ಷೆ ಮಾಡಿಸಿದ್ದರು. 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತು. ಟಾರ್ಟ್ರಾಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಇಂಥವು. ಇವುಗಳಲ್ಲಿ ಕೆಲವನ್ನು ಬೇರೆ ಕೆಲವು ತಿನಿಸಿಗೆ ಮಿತಿಯೊಳಗೆ ಬಳಸಬಹುದು. ಗೋಬಿಗೆ ಅವಕಾಶ ಇಲ್ಲ. ಹಾಕಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಆಗಬಹುದು. ಹಾಗಾಗಿ ಗೋಬಿಯನ್ನೇ ನಿಲ್ಲಿಸಿದ್ದಾರೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಬಣ್ಣವನ್ನು ಮಾತ್ರ ನಿಲ್ಲಿಸಿದ್ದು.

ನೋಡಿ ಗುರುತಿಸುವುದು ಹೇಗೆ? ಕುಂಕುಮದ ಹಾಗೆ ಕೆಂಪಗೆ ಹೊಳೆಯುತ್ತಿದ್ದರೆ, ಬೆರಳಿಗೆ ಅಂಟಿದ ಬಣ್ಣ ತೊಳೆದರೂ ಹೋಗದಿದ್ದರೆ, ಬೇಡ. ಸೋಯಾ ಸಾಸ್ ಹಾಕಿದ ಗೋಬಿ ಕಂದು ಬಣ್ಣಕ್ಕೆ ಇರುತ್ತದೆ. ಅಷ್ಟೇ ಇರಬೇಕು.

ಇನ್ನು ಅನ್ನ. ಮೊಮ್ಮಗನಿಗೆ ಯಾವುದರಿಂದ ಆಯಿತು ಅಂತ ನಾನು ಹೇಳಲಾರೆ. ಆದರೆ ಫ್ರೈಡ್ ರೈಸ್ ತಿಂದ ಮೇಲೆ ವಾಂತಿ ಆದರೆ ಎಲ್ಲರೂ ಸಾಸ್ ಮೇಲೆ, ಟೇಸ್ಟಿಂಗ್ ಪೌಡರ್ ಮೇಲೆ ತಪ್ಪು ಹಾಕುತ್ತಾರೆ. ಬಹಳ ಸಲ ಕಾರಣ ಅನ್ನದಲ್ಲೇ ಇರುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಸೂಕ್ಷ್ಮಾಣು ಇರುತ್ತದೆ. ಅದರ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅನ್ನ ಮಾಡಿ ಗಂಟೆಗಟ್ಟಲೆ ಹೊರಗೇ ಇಟ್ಟರೆ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಾಣಲೆಯಲ್ಲಿ ಹುರಿದರೂ ಹೋಗುವುದಿಲ್ಲ. ನಮ್ಮ ಬಳ್ಳಾರಿ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಬೆಳಗ್ಗೆಯ ಅನ್ನ ಸಂಜೆವರೆಗೆ ಹೊರಗೆ ಇದ್ದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಹಾಗಾಗಿ ಅಂಗಡಿ ಹುಡುಕುವಾಗ ರೇಟ್ ಜೊತೆಗೆ ಅನ್ನ ಯಾವಾಗ ಮಾಡಿದ್ದು ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಗೋಬಿ ಮಾಸ್ಟರ್
ಶುಕ್ರವಾರ, ಮಧ್ಯಾಹ್ನ 3:20

ನಾನು ಈ ಊರಲ್ಲೇ ಹದಿನಾಲ್ಕು ವರ್ಷದಿಂದ ಬಂಡಿ ಹಾಕುತ್ತಿದ್ದೇನೆ. ನನ್ನ ಬಂಡಿಗೆ ಬನ್ನಿ ಅಂತ ಹೇಳುವುದಕ್ಕೆ ಬರೆಯುತ್ತಿಲ್ಲ. ಅಕ್ಕ ಕುಟುಂಬದ ಜೊತೆ ಬರುತ್ತಿದ್ದಾರೆ, ನನ್ನಲ್ಲಿ ಕೂರುವುದಕ್ಕೆ ಜಾಗ ಇಲ್ಲ. ಲ್ಯಾಬ್ ಸರ್ ಹೇಳಿದ್ದು ಸರಿ. ಒಳಗಿನ ವಿಷಯ ನಾನು ಹೇಳುತ್ತೇನೆ.

ನಾನು ಅನ್ನ ಮಾಡುವುದು ನಾಲ್ಕೂವರೆಗೆ. ದೊಡ್ಡ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಆರಿಸುತ್ತೇನೆ. ಆರೂವರೆಗೆ ಬಂಡಿ ಶುರು. ಎಂಟಕ್ಕೆ ಇನ್ನೊಂದು ಸಲ ಅನ್ನ ಮನೆಯಿಂದ ಬರುತ್ತದೆ. ಒಂದೇ ಸಲ ಜಾಸ್ತಿ ಮಾಡಿ ಇಟ್ಟರೆ ಕೆಲಸ ಹಗುರ, ಗ್ಯಾಸೂ ಉಳಿಯುತ್ತದೆ. ಆದರೆ ನನ್ನ ಮಕ್ಕಳೂ ಅದನ್ನೇ ತಿನ್ನುತ್ತಾರೆ. ಉಳಿದ ಅನ್ನ ಮರುದಿನ ಬಂಡಿಗೆ ಬರುವುದಿಲ್ಲ.

ಒಂದು ಕಿಲೋ ಅಕ್ಕಿಗೆ ಆರು ಪ್ಲೇಟ್ ಆಗುತ್ತದೆ. ಅಕ್ಕಿಗಿಂತ ಗ್ಯಾಸ್ ಭಾರ. ನಮಗೆ ಮನೆಯ 14.2 ಕಿಲೋ ಸಿಲಿಂಡರ್ ಬಳಸುವ ಹಾಗಿಲ್ಲ, 19 ಕಿಲೋ ಕಮರ್ಷಿಯಲ್ ತರಬೇಕು. ದೊಡ್ಡ ಬರ್ನರ್, ಜೋರು ಉರಿ. ಮೂರು ನಾಲ್ಕು ದಿನಕ್ಕೆ ಒಂದು ಖಾಲಿ. ಉರಿ ಕಮ್ಮಿ ಮಾಡಿದರೆ ಅನ್ನ ಮೆತ್ತಗಾಗುತ್ತದೆ, ಆ ಹೊಗೆಯ ಘಮ ಬರುವುದಿಲ್ಲ. ಉಳಿಸುವ ಹಾಗೇ ಇಲ್ಲ.

ಈಗ ಮೇ. ಹೂಕೋಸು ಚಳಿಗಾಲದಲ್ಲಿ ಸಿಕ್ಕ ರೇಟಿಗೆ ಎರಡರಷ್ಟು ಆಗಿದೆ, ಮೇಲಾಗಿ ಹೂವು ಬಿಚ್ಚಿಕೊಂಡಿರುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಗೋಬಿಗೆ ಹಿಟ್ಟು ದಪ್ಪ ಹಾಕುವವರು ಇದ್ದಾರೆ. ಒಂದು ತುಂಡು ಮುರಿದು ನೋಡಿ. ಒಳಗೆ ಹೂಕೋಸು ಚಿಕ್ಕದಾಗಿ, ಹೊರಗೆ ಹಿಟ್ಟೇ ಹಿಟ್ಟು ಇದ್ದರೆ ದುಡ್ಡು ಕೊಟ್ಟು ಮೈದಾ ತಿಂದ ಹಾಗೆ. ನಾನು ಈ ಎರಡು ತಿಂಗಳು ಕೋಸಿನ ಮಂಚೂರಿ ಮಾಡುತ್ತೇನೆ. ಎಲೆಕೋಸು ಸಣ್ಣಗೆ ಹೆಚ್ಚಿ ಉಂಡೆ ಕಟ್ಟಿ ಕರಿಯುವುದು. ಅಕ್ಕಾ, ನೀವು ಕೂರುವ ಕಡೆ ವೆಜ್ ಮಂಚೂರಿ ಇದ್ದರೆ ಈಗ ಅದೇ ಹೇಳಿ. ಹತ್ತು ರೂಪಾಯಿ ಕಮ್ಮಿ, ರುಚಿಯೂ ಚೆನ್ನ.

ಬಣ್ಣಕ್ಕೆ ನಾನು ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬುತ್ತೇನೆ. ಖಾರ ಕಮ್ಮಿ, ಕೆಂಪು ಬರುತ್ತದೆ. ಮೊದಮೊದಲು ಗಿರಾಕಿಗಳು 'ಯಾಕೆ ಮಾಸ್ಟರ್, ಕಲರ್ ಇಲ್ಲ' ಅಂತ ಕೇಳಿದರು. ಕೆಲವರು ಬಿಟ್ಟೂ ಹೋದರು. ಆಮೇಲೆ ಮಕ್ಕಳನ್ನು ಕರೆದುಕೊಂಡು ಅವರೇ ವಾಪಸ್ ಬಂದರು.

ಇನ್ನು ಯಜಮಾನರ ವಿಷಯ. ಮೊಟ್ಟೆ ಬೇಡ ಅಂದರೆ ಬರೀ 'ವೆಜ್ ರೈಸ್ ಕೊಡಿ' ಅಂದರೆ ಸಾಲದು. ಎಗ್ ರೈಸ್ ಮಾಡಿದ ಬಾಣಲೆಯನ್ನೇ ನೀರು ಹಾಕಿ ಒರೆಸಿ ವೆಜ್ ಮಾಡುತ್ತಾರೆ. ಸಟಗವೂ ಅದೇ. ಕಬಾಬ್ ಕರಿದ ಎಣ್ಣೆಯಲ್ಲೇ ಗೋಬಿ ಕರಿಯುವವರೂ ಇದ್ದಾರೆ. ನನ್ನಲ್ಲಿ ಎರಡು ಬಾಣಲೆ ಇದೆ, ಆದರೂ ಬಂಡಿ ಒಂದೇ. ಅವರು ಕಟ್ಟುನಿಟ್ಟಾಗಿದ್ದರೆ ಪ್ಯೂರ್ ವೆಜ್ ಅಂತ ಬೋರ್ಡ್ ಇರುವ ಅಂಗಡಿಗೇ ಹೋಗಿ.

ಖಾರ ಕಮ್ಮಿ ಅಂತ ಆರ್ಡರ್ ಕೊಡುವಾಗಲೇ ಹೇಳಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಎಣ್ಣೆಗೆ ಬೀಳುವುದು ಎಲ್ಲಕ್ಕಿಂತ ಮೊದಲು. ಆಮೇಲೆ ಹೇಳಿದರೆ ತೆಗೆಯುವುದಕ್ಕೆ ಬರುವುದಿಲ್ಲ.

ಸಿರುಗುಪ್ಪ ರೈತ
ಶುಕ್ರವಾರ, ಸಂಜೆ 5:05

ಮಾಸ್ಟರ್, ಅಕ್ಕಿ ಯಾವುದು ಬಳಸುತ್ತೀರಿ? ನಾವು ಬೆಳೆಯುವ ಸೋನಾ ಮಸೂರಿ ಇದಕ್ಕೆ ಆಗುತ್ತದಾ?

ಗೋಬಿ ಮಾಸ್ಟರ್
ಶುಕ್ರವಾರ, ಸಂಜೆ 5:22

ಅಣ್ಣಾ, ಅದೇ. ಹಳೇ ಅಕ್ಕಿ ಮಾತ್ರ. ಹೊಸ ಅಕ್ಕಿ ಅಂಟಿಕೊಳ್ಳುತ್ತದೆ. ದೊಡ್ಡ ಹೋಟೆಲ್‌ನವರು ಬಾಸುಮತಿ ಹಾಕುತ್ತಾರೆ. ತುಂಗಭದ್ರೆ ನೀರಿನ ಸೋನಾ ಮಸೂರಿ ನಮ್ಮ ಜನಕ್ಕೆ ಹೊಟ್ಟೆಗೆ ಹಿಡಿಸುತ್ತದೆ. ಉದ್ದ ಇಲ್ಲದಿದ್ದರೂ ಬಿಡಿಬಿಡಿಯಾಗಿ ಬರುತ್ತದೆ.

ಜೀನ್ಸ್ ಟೈಲರ್
ಶುಕ್ರವಾರ, ರಾತ್ರಿ 11:40

ಈಗ ತಾನೇ ಕೆಲಸ ಮುಗಿಯಿತು. ಆರ್ಡರ್ ಜಾಸ್ತಿ ಇದ್ದ ದಿನ ನಮ್ಮ ಯೂನಿಟ್‌ನವರಿಗೆಲ್ಲ ರಾತ್ರಿ ಎಗ್ ರೈಸೇ ಊಟ. ಕೌಲ್ ಬಜಾರ್ ಕಡೆ ಬಂಡಿಗಳು ತಡವಾಗಿ ಇರುತ್ತವೆ. 60 ರೂಪಾಯಿಗೆ ಬೆಳಗ್ಗೆವರೆಗೆ ಹಸಿವು ಆಗುವುದಿಲ್ಲ. ಅಕ್ಕನ ಕೆಲಸಕ್ಕೆ ಆಗುವ ಜಾಗ ಅದಲ್ಲ, ದೂರವೂ ಹೌದು. ಆದರೆ ಒಂದು ಮಾತು ಹೇಳಬೇಕು ಅನ್ನಿಸಿತು.

ಯಾವ ಅಂಗಡಿಗೇ ಹೋಗಿ, ಕೂರುವ ಮುಂಚೆ ಎರಡು ನಿಮಿಷ ಒಲೆ ಮುಂದೆ ನಿಂತು ನೋಡಿ. ಕರಿಯುವ ಎಣ್ಣೆ ಕಪ್ಪಗೆ, ನೊರೆ ನೊರೆ ಇದೆಯಾ? ನೂಡಲ್ಸ್ ಮುಚ್ಚಿಟ್ಟಿದ್ದಾರಾ? ಬಾಣಲೆಗೆ ನಿಮ್ಮ ಪ್ಲೇಟ್‌ನದು ಮಾತ್ರ ಹಾಕುತ್ತಾರಾ, ಇಲ್ಲ ಹತ್ತು ಪ್ಲೇಟ್ ಒಟ್ಟಿಗೆ ಮಾಡಿ ಗುಡ್ಡೆ ಹಾಕಿದ್ದಾರಾ? ಮೆನು ಬೋರ್ಡ್ ನೋಡಿ. ಅಷ್ಟು ಸಣ್ಣ ಅಂಗಡಿಯಲ್ಲಿ ಎಪ್ಪತ್ತು ಐಟಂ ಬರೆದಿದ್ದರೆ ಎಲ್ಲವೂ ತಾಜಾ ಇರುವುದಕ್ಕೆ ಆಗುವುದಿಲ್ಲ. ಹನ್ನೆರಡೋ ಹದಿನೈದೋ ಇದ್ದರೆ ಕೂತುಕೊಳ್ಳಿ.

ಕೋಲ್ಕತ್ತದಲ್ಲಿದ್ದವನು
ಶನಿವಾರ, ಬೆಳಗ್ಗೆ 10:30

ಮೇಷ್ಟ್ರು ಒಗ್ಗರಣೆ-ಮಿರ್ಚಿ ಇರುವಾಗ ಇದು ಯಾಕೆ ಅಂತ ಕೇಳಿದ್ದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಈ ಊಟವೂ ನಮ್ಮ ದೇಶದ್ದೇ, ಮೇಷ್ಟ್ರೇ. ಕೆಲಸದ ಮೇಲೆ ನಾನು ಆರು ವರ್ಷ ಕೋಲ್ಕತ್ತದಲ್ಲಿದ್ದೆ.

18ನೇ ಶತಮಾನದ ಕೊನೆಯಲ್ಲೇ ಚೀನಾದ ಜನ ಅಲ್ಲಿಗೆ ಬಂದು ನೆಲೆಸಿದರು. ಟಾಂಗ್ರಾ ಅಂತ ಒಂದು ಜಾಗ. ಅಲ್ಲಿ ಹಕ್ಕಾ ಸಮುದಾಯದವರು ಚರ್ಮ ಹದ ಮಾಡುವ ಕೆಲಸ ಮಾಡುತ್ತಿದ್ದರು. ನಾವು ಹೇಳುವ ಹಕ್ಕಾ ನೂಡಲ್ಸ್‌ಗೆ ಹೆಸರು ಬಂದದ್ದು ಅವರಿಂದ. ಅವರ ಮನೆ ಅಡುಗೆಗೆ ನಮ್ಮ ಹಸಿಮೆಣಸಿನಕಾಯಿ, ಕೊತ್ತಂಬರಿ, ಬೆಳ್ಳುಳ್ಳಿ ಜಾಸ್ತಿ ಸೇರಿ ಈ ರುಚಿ ಬೆಳೆಯಿತು. 1962ರ ಚೀನಾ ಯುದ್ಧದ ಸಮಯದಲ್ಲಿ ಅವರಲ್ಲಿ ಎಷ್ಟೋ ಕುಟುಂಬಗಳನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಇಟ್ಟರು. ಬಹಳ ಜನ ದೇಶ ಬಿಟ್ಟು ಹೋದರು. ಉಳಿದವರು ಅಡುಗೆ ಕೈ ನಂಬಿ ಬದುಕಿದರು. ಕೋಲ್ಕತ್ತದ ಟಿರೆಟ್ಟಾ ಬಜಾರ್‌ನಲ್ಲಿ ಬೆಳಗ್ಗೆ ಆರಕ್ಕೇ ರಸ್ತೆ ಬದಿಯಲ್ಲಿ ಅವರ ತಿಂಡಿ ಸಿಗುತ್ತಿತ್ತು. ನಾನು ಅಲ್ಲಿ ನಿಂತು ತಿಂದಿದ್ದೇನೆ.

ಮಂಚೂರಿಯನ್ ಅಂತೂ ಚೀನಾದಲ್ಲಿ ಹುಟ್ಟಿದ್ದೇ ಅಲ್ಲ. ನೆಲ್ಸನ್ ವಾಂಗ್ ಅಂತ ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವರು. 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್‌ನಲ್ಲಿ ಹೊಸದೇನಾದರೂ ಮಾಡಿ ಅಂದಾಗ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆ ಬದಲು ಸೋಯಾ ಸಾಸ್ ಹಾಕಿ ಕೋಳಿ ಮಂಚೂರಿಯನ್ ಮಾಡಿದರು ಅಂತ ಅವರೇ ಹೇಳಿಕೊಂಡಿದ್ದಾರೆ. ಕೋಳಿ ಜಾಗಕ್ಕೆ ಹೂಕೋಸು ಬಂದು ನಮ್ಮ ಕರ್ನಾಟಕದ ಬೀದಿ ಬೀದಿಗೂ ತಲುಪಿತು. ಈಗ ಬಳ್ಳಾರಿ ಬಂಡಿಯಲ್ಲಿ ಅದಕ್ಕೆ ಬ್ಯಾಡಗಿ ಮೆಣಸಿನಕಾಯಿ ಬೀಳುತ್ತಿದೆ. ನನಗೆ ಇದು ಬಹಳ ಸಂತೋಷದ ವಿಷಯ. ಅಕ್ಕಾ, ಮಗಳಿಗೆ ಈ ಕತೆ ಹೇಳಿ ತಿನ್ನಿಸಿ.

ನಿವೃತ್ತ ಮೇಷ್ಟ್ರು
ಶನಿವಾರ, ಮಧ್ಯಾಹ್ನ 12:10

ಇಷ್ಟು ವಿಷಯ ನನಗೆ ಗೊತ್ತಿರಲಿಲ್ಲ. ಮಾಸ್ಟರ್ ನಾಲ್ಕೂವರೆಗೆ ಅನ್ನ ಮಾಡುವುದನ್ನು ಓದಿ ಮನಸ್ಸಿಗೆ ಸಮಾಧಾನ ಆಯಿತು. ತಾಯೀ, ಮಗಳು ಒಳ್ಳೆ ಮಾರ್ಕ್ಸ್ ತೆಗೆದಿದ್ದಾಳೆ. ಕರೆದುಕೊಂಡು ಹೋಗಿ. ಅನ್ನ ಯಾವಾಗ ಮಾಡಿದ್ದು ಅಂತ ಮಾತ್ರ ತಪ್ಪದೆ ಕೇಳಿ.

ಕುರುಗೋಡಿನ ಅಕ್ಕ
ಶನಿವಾರ, ರಾತ್ರಿ 8:45

ಎಲ್ಲರ ಮಾತೂ ಓದಿದೆ. ಮಗಳೇ ಕೂತು ಜೋರಾಗಿ ಓದಿ ಹೇಳಿದಳು. ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಾಳೆ: ಪ್ಯೂರ್ ವೆಜ್, ಅನ್ನ ಯಾವಾಗ, ಎಣ್ಣೆ, ಖಾರ ಕಮ್ಮಿ. ನಾಳೆ ಹೋಗಿ ಬಂದು ಹೇಳುತ್ತೇನೆ.

ಕುರುಗೋಡಿನ ಅಕ್ಕ
ಸೋಮವಾರ, ಬೆಳಗ್ಗೆ 9:30

ಹೋಗಿ ಬಂದೆವು!

ಬೆಂಗಳೂರು ರೋಡ್‌ನಲ್ಲಿ ಶೂ, ಬ್ಯಾಗ್ ಮುಗಿಸುವಾಗ ಆರೂವರೆ. ಬ್ರೂಸ್‌ಪೇಟೆ ತಮ್ಮ ಹೇಳಿದ ಹಾಗೆ ಒಳಗಿನ ಬೀದಿಗೆ ತಿರುಗಿದೆವು. ಮೊದಲು ಸಿಕ್ಕ ಅಂಗಡಿಯಲ್ಲಿ ಎಣ್ಣೆ ಕಪ್ಪಗಿತ್ತು. ಮಗಳು ನನ್ನ ಸೆರಗು ಎಳೆದಳು, ಮುಂದೆ ಹೋದೆವು. ಎರಡನೆಯದು ಮೊಟ್ಟೆ ಅಂಗಡಿ. ಮೂರನೆಯದರಲ್ಲಿ ಪ್ಯೂರ್ ವೆಜ್ ಅಂತ ಬೋರ್ಡ್, ಐದು ಟೇಬಲ್, ಗಂಡ ಹೆಂಡತಿ ಸೇರಿ ನಡೆಸುತ್ತಾರೆ. ಅನ್ನ ಯಾವಾಗ ಮಾಡಿದ್ದು ಅಂತ ಮಗಳೇ ಕೇಳಿದಳು. ಆ ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೆ ಕರೆದು, ತಟ್ಟೆಯಲ್ಲಿ ಹರಡಿದ ಅನ್ನ ತೋರಿಸಿದರು. ಇನ್ನೂ ಸ್ವಲ್ಪ ಬೆಚ್ಚಗಿತ್ತು.

ಸ್ವೀಟ್ ಕಾರ್ನ್ ಸೂಪ್ ಒಂದು 60, ಅದನ್ನೇ ಒನ್ ಬೈ ಟು ಮಾಡಿ ಮಕ್ಕಳಿಗೆ ಕೊಡಿಸಿದೆ. ವೆಜ್ ಫ್ರೈಡ್ ರೈಸ್ 90, ನೂಡಲ್ಸ್ 90, ವೆಜ್ ಮಂಚೂರಿ ಗ್ರೇವಿ 90. ಸಾಲಲಿಲ್ಲ, ಇನ್ನೊಂದು ರೈಸ್ ಹೇಳಿದೆವು. ನೀರಿನ ಬಾಟಲ್ 20. ಒಟ್ಟು 440 ಆಯಿತು. ಒಲೆಯಿಂದ ದೂರದ ಟೇಬಲ್ ಸಿಕ್ಕಿದ್ದು ಒಳ್ಳೆಯದಾಯಿತು, ಸಂಜೆಯಾದರೂ ಸೆಕೆ ಇತ್ತು. ಉಳಿದ ದುಡ್ಡಲ್ಲಿ ಬಸ್ ನಿಲ್ದಾಣದ ಹತ್ತಿರ ಮಕ್ಕಳಿಗೆ ಲೈಮ್ ಸೋಡಾ ಕೊಡಿಸಿದೆ.

ಮಗ ದೊಣ್ಣೆಮೆಣಸಿನಕಾಯಿ ಎಲ್ಲಾ ಆರಿಸಿ ಅಪ್ಪನ ತಟ್ಟೆಗೆ ಹಾಕಿದ. ನಮ್ಮ ಮನೆಯವರು ನೂಡಲ್ಸ್ ಬೇಡ ಬೇಡ ಅಂತಲೇ ಎರಡು ಸಲ ಹಾಕಿಸಿಕೊಂಡರು. ಮಗಳು ಬಸ್ಸಿನಲ್ಲಿ ಊರು ಬರುವವರೆಗೂ ಬಾಯಿ ಮುಚ್ಚಲಿಲ್ಲ. ಟಾಂಗ್ರಾ ಎಲ್ಲಿದೆ, ರೈಲಿನಲ್ಲಿ ಎಷ್ಟು ದಿನ ಅಂತೆಲ್ಲ ಕೇಳುತ್ತಿದ್ದಳು. ಯಾರಿಗೂ ಏನೂ ಆಗಿಲ್ಲ, ಬೆಳಗ್ಗೆ ಎಲ್ಲರೂ ಚೆನ್ನಾಗಿದ್ದಾರೆ ಮೇಷ್ಟ್ರೇ.

ಮಾಸ್ಟರ್ ಅಣ್ಣಾ, ಒಂದು ಕೇಳಬೇಕಿತ್ತು. ಮನೆಯಲ್ಲಿ ನಾನು ಮಾಡಿದರೆ ಫ್ರೈಡ್ ರೈಸ್ ಮುದ್ದೆ ಮುದ್ದೆ ಆಗುತ್ತದೆ. ಏನು ತಪ್ಪು?

ಗೋಬಿ ಮಾಸ್ಟರ್
ಸೋಮವಾರ, ಮಧ್ಯಾಹ್ನ 2:50

ಅಕ್ಕಾ, ಓದಿ ಬಹಳ ಖುಷಿ ಆಯಿತು. ಅನ್ನ ಕೇಳಿದ ಹುಡುಗಿಗೆ ನನ್ನ ಕಡೆಯಿಂದ ಭೇಷ್ ಅನ್ನಿ.

ನೀವು ನಾಲ್ಕು ಜನರದ್ದನ್ನೂ ಒಂದೇ ಸಲ ಬಾಣಲೆಗೆ ಹಾಕುತ್ತೀರಿ ಅಲ್ವಾ? ಮನೆಯ ಒಲೆಗೆ ಅಷ್ಟು ಉರಿ ಇರುವುದಿಲ್ಲ. ಅನ್ನ ಬೆವರಿ ಮೆತ್ತಗಾಗುತ್ತದೆ. ಕಬ್ಬಿಣದ ಬಾಣಲೆ ಹೊಗೆ ಬರುವಷ್ಟು ಕಾಯಿಸಿ, ಒಂದು ಪ್ಲೇಟ್‌ನಷ್ಟು ಮಾತ್ರ ಹಾಕಿ, ಎರಡು ನಿಮಿಷದಲ್ಲಿ ಇಳಿಸಿ. ಆಮೇಲೆ ಮುಂದಿನದು. ಅನ್ನಕ್ಕೆ ನೀರು ಕಾಲು ಲೋಟ ಕಮ್ಮಿ ಇಡಿ. ಬೆಂದ ತಕ್ಷಣ ತಟ್ಟೆಯಲ್ಲಿ ಹರಡಿ ಫ್ಯಾನ್ ಹಾಕಿ, ಅರ್ಧ ಗಂಟೆ ಸಾಕು. ಸೋಯಾ ಸಾಸ್ ಒಂದೇ ಚಮಚ, ಬಾಣಲೆಯ ಅಂಚಿಗೆ ಬಿಡಿ, ಅನ್ನದ ಮೇಲಲ್ಲ. ತರಕಾರಿ ಸಣ್ಣಗೆ ಹೆಚ್ಚಿ, ಮೊದಲೇ ಬೇಯಿಸಬೇಡಿ.

ಹಳೇ ಸೋನಾ ಮಸೂರಿ ನಿಮ್ಮೂರಲ್ಲೇ ಸಿಗುತ್ತದೆ. ಈ ಸಲ ಅದರಲ್ಲಿ ಮಾಡಿ ನೋಡಿ, ಹೇಗೆ ಬಂತು ಹೇಳಿ.